ಹತ್ತೊಂಬತ್ತನೆಯ ಸ್ಥಾನದ ಹಾಡು

ಪ್ರಭಂಜನ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಮೋಹನರಾಜನ ಬದುಕು ನೆಟ್ಟಗಿರುತ್ತಿತ್ತು.

ನಲವತ್ತು ವರ್ಷದ ಹಿಂದೆ ಹೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದಾಗ ಪ್ರಭಂಜನನಿಗೆ ಕ್ಯಾಂಪಸ್ಸಿನ ಸಣ್ಣ ರೇಡಿಯೋ ಸ್ಟೇಷನ್ನಿನಲ್ಲಿ ಒಂದು ಕೆಲಸವಿತ್ತು. ಪ್ರತಿ ಬುಧವಾರ ಊರಿನ ಹನ್ನೆರಡು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವ ಹಾಡಿನ ರೆಕಾರ್ಡ್ ಎಷ್ಟು ಹೋಯಿತೆಂದು ಕೇಳಿ, ಒಂದೊಂದಕ್ಕೂ ಹಾಳೆಯಲ್ಲಿ ಒಂದೊಂದು ಗೀಟು ಎಳೆಯುವುದು. ಆ ಗೀಟುಗಳಿಂದ ವಾರದ ನಲವತ್ತು ಹಾಡುಗಳ ಪಟ್ಟಿ ತಯಾರಾಗುತ್ತಿತ್ತು. ಶುಕ್ರವಾರ ಅದು ಹಳದಿ ಕಾಗದದಲ್ಲಿ ಅಚ್ಚಾಗಿ ಅಂಗಡಿಗಳಿಗೆ ಹೋಗುತ್ತಿತ್ತು. ಸಂಜೆ ರೇಡಿಯೋದಲ್ಲಿ ನಲವತ್ತರಿಂದ ಒಂದರವರೆಗೆ ಓದುತ್ತಿದ್ದರು.

ಮೋಹನರಾಜ ಅವನ ರೂಂಮೇಟ್. ಮೈಸೂರಿನವನು, ಚರ್ಚಿನಲ್ಲಿ ಹಾಡಿ ಬೆಳೆದವನು. ಪಿಎಚ್‌ಡಿಗೆಂದು ಬಂದು ಲ್ಯಾಬಿಗಿಂತ ಗಿಟಾರಿಗೇ ಹೆಚ್ಚು ಹೊತ್ತು ಕೊಟ್ಟ. ತಾನೇ ಒಂದು ಇಂಗ್ಲಿಷ್ ಹಾಡು ಕಟ್ಟಿ, ಇನ್ನೂರು ರೆಕಾರ್ಡ್ ಮಾಡಿಸಿ, ಅಂಗಡಿ ಅಂಗಡಿಗೆ ಹೊತ್ತುಕೊಂಡು ಹೋಗಿ ಇಟ್ಟುಬಂದ. ತಿಂಗಳಾದರೂ ಯಾರೂ ಮೂಸಿ ನೋಡಲಿಲ್ಲ. ಊಟ ಬಿಟ್ಟ, ಮಾತು ಬಿಟ್ಟ, ಗೋಡೆಗೆ ಮುಖ ಮಾಡಿ ಮಲಗಿದ.

ಪ್ರಭಂಜನನಿಗೆ ಕರುಳು ಚುರುಕ್ ಎಂದಿತು. ಆ ವಾರ ಒಂದೇ ಗೀಟು ಬಿದ್ದಿದ್ದ ಹಾಡನ್ನು ಮೂವತ್ತೆಂಟನೆಯ ಸ್ಥಾನದಲ್ಲಿ ಬರೆದುಬಿಟ್ಟ. ಮೋಹನ ಎದ್ದು ಕೂತ. ಬೀಳಿಸಿದರೆ ಮತ್ತೆ ಮಲಗುತ್ತಾನೆಂದು ಮರುವಾರ ಇಪ್ಪತ್ತೇಳು. ಅದರ ಮರುವಾರ ಹತ್ತೊಂಬತ್ತು.

"ಅಂಗಡಿಯವರು ಹೇಳಿದ್ದನ್ನ ಬರ್ಕೊಳ್ತೀನಿ ಅಷ್ಟೆ ಕಣೋ, ನಂದೇನಿಲ್ಲ" ಎಂದ ಪ್ರಭಂಜನ. ಎಷ್ಟು ಸಲೀಸಾಗಿ ಹೇಳಿದನೆಂದರೆ, ಮಹರಾಯನಿಗೆ ತನ್ನ ಒಳ್ಳೆಯತನದ ಮೇಲೆ ತನಗೇ ಹೆಮ್ಮೆಯಾಯಿತು.

ಅದೇ ವಾರ ಡಾಲಸ್‌ನಲ್ಲಿ ಕೆಲಸ ಸಿಕ್ಕಿ ಗಂಟುಮೂಟೆ ಕಟ್ಟಿದ. ಇತ್ತ ಮೋಹನ ಓದಿಗೆ ಎಳ್ಳುನೀರು ಬಿಟ್ಟ. ಕಾಲೇಜು ಬಿಟ್ಟರೆ ವೀಸಾ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಹತ್ತೊಂಬತ್ತಕ್ಕೆ ಬಂದವನು ಒಂದಕ್ಕೆ ಬರುವುದಿಲ್ಲವೇ? ನಾಲ್ಕನೆಯ ವಾರದ ಪಟ್ಟಿಯಲ್ಲಿ ಅವನ ಹಾಡೇ ಇರಲಿಲ್ಲ.

ಹದಿಮೂರು ವರ್ಷ ಕಾಗದಪತ್ರವಿಲ್ಲದೆ ಮೋಟೆಲ್ ಬಾರುಗಳಲ್ಲಿ ಬೇರೆಯವರ ಹಾಡು ಹಾಡಿದ. ಅಮ್ಮ ತೀರಿಕೊಂಡಾಗ ಮೈಸೂರಿಗೆ ಹೋಗಲಾಗಲಿಲ್ಲ. ಹೋದರೆ ವಾಪಸು ಬರುವಂತಿರಲಿಲ್ಲ. ಆಮೇಲೆ ಮದುವೆಯಾಯಿತು, ಮುರಿಯಿತು. ಈಗ ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿ ಒಂದು ಕೋಣೆ, ಮೂಗಿಗೆ ಆಕ್ಸಿಜನ್ ಕೊಳವೆ, ಗೋಡೆಯ ಮೇಲೆ ಫ್ರೇಮು ಹಾಕಿದ, ಹತ್ತೊಂಬತ್ತನೆಯ ಸ್ಥಾನ ಬಂದ ವಾರದ ಹಳದಿ ಹಾಳೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. ವರ್ಷಕ್ಕೊಮ್ಮೆ ಹೋಗುವ ಪ್ರಭಂಜನನಿಗೂ ತೋರಿಸುತ್ತಿದ್ದ. ಇವನು ಪ್ರತಿ ಸಲವೂ ತಲೆಯಾಡಿಸಿ ಬರುತ್ತಿದ್ದ.

ಹೋದ ವಾರ ಸೀಡರ್ ಪಾರ್ಕ್ ಎಂಬ ಊರಿನ ಪ್ರಭಂಜನನ ಮನೆಗೆ ಹರ್ಷಿಣಿ ಎಂಬ ವಿದ್ಯಾರ್ಥಿನಿ ಬಂದಳು. ಹಳೆಯ ರೇಡಿಯೋ ಪಟ್ಟಿಗಳನ್ನು ಹುಡುಕಿ ಇಂಟರ್ನೆಟ್ಟಿಗೆ ಹಾಕುವುದು ಅವಳ ಪ್ರಾಜೆಕ್ಟು.

"ಅಂಕಲ್, ಸ್ಟೇಷನ್ ಸ್ಟೋರ್‌ರೂಮಲ್ಲಿ ಈ ಗೀಟಿನ ಶೀಟ್‌ಗಳು ಸಿಕ್ಕಿದ್ವು, ಕೆಳಗೆ ನಿಮ್ಮ ಸೈನ್ ಇದೆ. ಮೂರು ವಾರ ಸೇರಿ ಮೂರೇ ಗೀಟಿರೋ ಹಾಡು ಹತ್ತೊಂಬತ್ತಕ್ಕೆ ಹೇಗ್ ಬಂತು?"

"ನೆನಪಿಲ್ಲಮ್ಮ."

"ಪರವಾಗಿಲ್ಲ. ಶೀಟು, ಚಾರ್ಟು ಎರಡನ್ನೂ ಅಕ್ಕಪಕ್ಕ ಹಾಕ್ತೀನಿ. ಸೋಮವಾರ ಲೈವ್ ಆಗತ್ತೆ."

ಮೋಹನ ದಿನಾ ನೋಡುವ ವೆಬ್‌ಸೈಟು ಅದು; ಹಳದಿ ಹಾಳೆಯ ಫೋಟೋ ಅವಳಿಗೆ ಕಳಿಸಿದ್ದೇ ಅವನು. ಅವನ ಬದುಕಿನಲ್ಲಿ ಉಳಿದದ್ದು ಆ ಒಂದು ಅಂಕಿ. ಅದು ಸುಳ್ಳೆಂದು ಫೋನಿನಲ್ಲಿ ಓದಿ ತಿಳಿಯುವ ಮೊದಲು ತಾನೇ ಹೇಳಬೇಕು ಎಂದುಕೊಂಡು, ಅವಳಿಂದ ಪಡೆದ ಶೀಟುಗಳ ನಕಲು ಹಿಡಿದು ಪ್ರಭಂಜನ ಭಾನುವಾರ ಮೂರು ಗಂಟೆ ಡ್ರೈವ್ ಮಾಡಿದ. ಹೇಳುವುದಕ್ಕೆ ನಲವತ್ತು ವರ್ಷ ಇತ್ತು, ಹೊರಟದ್ದು ಸಿಕ್ಕಿಬಿದ್ದ ಮೇಲೆ.

ಮೋಹನ ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ಹಾಗಾದ್ರೆ ನಾಲ್ಕನೇ ವಾರ ನನ್ನ ತೆಗೆದಿದ್ದೂ ನೀನೇನಾ?" ಎಂದ.

"ಅಲ್ಲ ಕಣೋ. ನಾನು ಬಿಟ್ಟ ಮೇಲೆ ಬಂದವನು ಇದ್ದದ್ದನ್ನ ಇದ್ದ ಹಾಗೆ ಬರೆದ."

ಮೋಹನ ನಕಲನ್ನು ಕೈಗೆ ತೆಗೆದುಕೊಂಡ. ಗೀಟುಗಳನ್ನು ಎಣಿಸಿದ. "ಈ ಮೂರರಲ್ಲಿ ಎರಡು ನಾನೇ ಕೊಂಡಿದ್ದು. ಇನ್ನೊಂದು... ನೀನಾ?"

ಆ ದನಿಯಲ್ಲಿ ಆಸೆಯಿತ್ತು. ಹೌದು ಎಂದಿದ್ದರೆ ಸಾಕಾಗಿತ್ತು. ಆದರೆ ಪ್ರಭಂಜನನ ಬಾಯಿಗೆ ಇನ್ನೊಂದು ಸುಳ್ಳು ಬರಲಿಲ್ಲ.

"ಅಲ್ಲ. ನಾನು ಕೊಳ್ಳಲಿಲ್ಲ."

"ಒಂದೇ ರೂಮಲ್ಲಿ ಇದ್ವಲ್ಲೋ. ಹತ್ತೊಂಬತ್ತು ಅಂತ ಬರೆಯೋ ಬದಲು ಒಂದು ತಗೋಬಹುದಿತ್ತಲ್ವಾ?"

ಪ್ರಭಂಜನನಿಗೆ ಆಗ ಅದು ಹೊಳೆದೇ ಇರಲಿಲ್ಲ.

ಮೋಹನ ಮೂರನೆಯ ಗೀಟಿನ ಮೇಲೆ ಬೆರಳಿಟ್ಟ. "ಅಂದ್ರೆ, ಯಾರೋ ಗುರುತಿಲ್ಲದೋರು ಒಬ್ಬರು ನಿಜವಾಗ್ಲೂ ತಗೊಂಡಿದಾರೆ" ಎಂದ. ಆಮೇಲೆ ಗೋಡೆಯ ಕಡೆ ಕೈ ತೋರಿಸಿದ.

"ಅದನ್ನ ಇಳಿಸ್ಕೊಂಡು ಹೋಗು. ಅದು ನಿಂದು. ಈ ನಕಲು ನಂಗಿರ್ಲಿ."

ಪ್ರಭಂಜನ ಫ್ರೇಮು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡ. ಬಾಗಿಲಲ್ಲಿ ನಿಂತು, ಮುಂದಿನ ವಾರ ಬರ್ಲಾ ಎಂದು ಕೇಳಿದ.

ಮೋಹನ ತಲೆಯೆತ್ತಲಿಲ್ಲ. "ಬೇಡ" ಎಂದ.