ಪಂಕವಿಲ್ಲದ ವಿಮಾನ

ನಮ್ಮ ಅತ್ತಿಗೆ ಅಕ್ಕನಾಗಮ್ಮನಿಗೆ ಹುಚ್ಚು ಎಂದು ಕಂಪ್ಲಿಯ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರು ಹೇಳದೆ ಇದ್ದುದು ನನ್ನ ಬಾಯಿಗೆ ಹೆದರಿ. ಆಕೆ ನನ್ನ ಅಣ್ಣ ಉಜ್ಜಿನಪ್ಪನ ಹೆಂಡತಿ. ಆಕಾಶದಲ್ಲಿ ವಿಮಾನದ ಸದ್ದು ಕೇಳಿಸಿದರೆ ಸಾಕು, ತಟ್ಟುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟು, ಗೂಟದ ಮೇಲಿನ ಕೆಂಪು ಸೀರೆ ಎಳೆದುಕೊಂಡು, ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ನಿಂತು ಬೀಸುತ್ತಿದ್ದಳು. ಅದು ಹುಚ್ಚಲ್ಲ. ಗಂಡ ಕಲಿಸಿಕೊಟ್ಟ ಪಾಠ.

ಅಣ್ಣ ಮೊದಲು ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಯುದ್ಧ ಬಂತು, ಹುಡುಗರನ್ನು ಸೇರಿಸಿಕೊಳ್ಳುತ್ತಾರೆಂದು ಗೊತ್ತಾಯಿತು, ಯಾರ ಮಾತನ್ನೂ ಕೇಳದೆ ಹೋಗಿ ವಿಮಾನದಳದ ಮೆಕ್ಯಾನಿಕ್ ಆದ. ಮದುವೆಯಾಗಿ ಇನ್ನೂ ಅರಿಸಿನ ಮಾಸಿರಲಿಲ್ಲ. ನನಗೆ ಅವನ ಮೇಲೆ ಆ ಸಿಟ್ಟು ಇವತ್ತಿಗೂ ಇದೆ.

ರಜೆಗೆ ಬಂದಾಗ ಒಲೆಯ ಮುಂದೆ ಕೂತು ಅತ್ತಿಗೆಗೆ ವಿಮಾನದ ವಿಷಯ ಹೇಳುತ್ತಿದ್ದ. "ನಮ್ಮ ಗಿರಣ್ಯಾಗ ಹೊಟ್ಟು ತೂರೂ ಪಂಕ ಐತಲ್ಲ, ಅಂಥಾದ್ದು ವಿಮಾನದ ಮುಂದ ಇರ್ತೈತಿ. ಎಂಜಿನ್ ಅದನ್ನ ತಿರುಗಸ್ತೈತಿ. ಅದು ಗಾಳೀನ ಕಡಕೋಂತ, ಹಿಂದಕ್ಕ ತಳ್ಳಿಕೋಂತ ವಿಮಾನ ಎಳಕೊಂಡು ಹೋಗ್ತೈತಿ. ಅದರ ಸದ್ದು ಭಾಳ ಮೊದಲ ಬರ್ತೈತಿ ನೋಡು. ಸದ್ದು ಕೇಳಿದ ಮ್ಯಾಲ ನೀ ಕೈ ತೊಳಕೊಂಡು ಮಾಳಗಿ ಹತ್ತಿದ್ರೂ ನಡೀತೈತಿ. ಆಮ್ಯಾಲ ನಾ ಬರ್ತೀನಿ."

"ಅಷ್ಟು ಎತ್ತರದಾಗ ನೀವ ಅಂತ ನಂಗ ಹೆಂಗ ಗೊತ್ತಾಗಬೇಕ್ರಿ?"

"ನೀ ಕೆಂಪು ಸೀರಿ ಬೀಸು. ನಾ ನಡಸಾವಂಗ ಹೇಳಿ ರೆಕ್ಕಿ ಬಗ್ಗಸ್ತೀನಿ."

ಬಡಾಯಿ ಎಂದುಕೊಂಡಿದ್ದೆ. ಆದರೆ ಬೆಂಗಳೂರಿನಲ್ಲಿ ರಿಪೇರಿಯಾದ ವಿಮಾನವೊಂದನ್ನು ಉತ್ತರಕ್ಕೆ ಒಯ್ಯುವಾಗ ಅವನೂ ಅದರಲ್ಲಿದ್ದ. ದೂರದಿಂದ ಗುಂಯ್ ಎಂಬ ಸದ್ದು ಬಂತು, ಅತ್ತಿಗೆ ಹತ್ತಿದಳು, ನಾನೂ ಬೆನ್ನಿಗೆ ಹತ್ತಿದೆ. ಹೊಳೆಯ ಕಡೆ ಹೊರಟ ವಿಮಾನ ನಮ್ಮ ಓಣಿಯ ಮೇಲೆ ಬಂದು ಒಂದು ಮಗ್ಗುಲಿಗೆ ರೆಕ್ಕೆ ಬಗ್ಗಿಸಿತು. ಅತ್ತಿಗೆ ನಗುತ್ತ ಅಳುತ್ತ ಸೀರೆ ಬೀಸಿದ್ದೇ ಬೀಸಿದ್ದು. ನಾವು ಅವನನ್ನು ಕಂಡದ್ದು ಅದೇ ಕೊನೆ. ಕಂಡದ್ದು ಎನ್ನುವುದೂ ಸರಿಯಲ್ಲ, ರೆಕ್ಕೆಯನ್ನಷ್ಟೇ ಕಂಡೆವು.

ಬರ್ಮಾ ಕಡೆ ಹೋದ ಅವನ ವಿಮಾನ ಪತ್ತೆಯಿಲ್ಲ ಎಂದು ತಂತಿ ಬಂತು. ಪತ್ತೆಯಿಲ್ಲ ಎಂದರೆ ಸತ್ತಿಲ್ಲ ಎಂದರ್ಥ ಎಂದು ಅತ್ತಿಗೆ ಹಿಡಿದು ಕೂತಳು. ಯುದ್ಧ ಮುಗಿಯಿತು, ದೊರೆಗಳು ಹಡಗು ಹತ್ತಿದರು, ಅತ್ತಿಗೆ ಮಾತ್ರ ಮಾಳಿಗೆ ಹತ್ತುವುದನ್ನು ಬಿಡಲಿಲ್ಲ.

ನಮ್ಮಪ್ಪ ಜಡೆಪ್ಪ ಕಲ್ಲುಮನಸ್ಸಿನವನಲ್ಲ. ಸೊಸೆಯ ವಯಸ್ಸು ಹೀಗೇ ಸುಟ್ಟುಹೋಗುತ್ತದಲ್ಲ ಎಂದು ಒಳಗೊಳಗೇ ಬೆಂದುಹೋಗಿದ್ದ. ಗಂಡ ತೀರಿದವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬರ ಮನೆ ತುಂಬಿಸುವುದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಮೆಟ್ರಿ ಹಳ್ಳಿಯ ಮುದುಕಪ್ಪ, ಹೆಂಡತಿ ಸತ್ತವನು, ಕೇಳಿ ಕಳಿಸಿದ್ದ. ಒಳ್ಳೆಯ ಮನುಷ್ಯ, ಗದ್ದೆಯ ಕೆಲಸ ಬಿಟ್ಟರೆ ಬೇರೇನೂ ತಿಳಿಯದವನು. ಆದರೆ ನಮ್ಮ ಮನೆತನದಲ್ಲೊಂದು ಕಟ್ಟಳೆ: ಹೆಣ್ಣು ತನ್ನ ಬಾಯಿಂದಲೇ "ಅವರಿಲ್ಲ" ಎಂದು ಹೇಳಿ, ತಾನಾಗಿಯೇ ಹಳೆಯ ಬಳೆ ತೆಗೆಸಲು ಕೈ ಚಾಚಬೇಕು. ಬೇರೆ ಯಾರೂ ಆ ಮಾತು ಆಡುವಂತಿಲ್ಲ.

"ವಿಮಾನ ಬಂದಾಗ ನಾ ಒಮ್ಮಿನೂ ತಪ್ಪಿಲ್ರಿ ಮಾವ," ಎನ್ನುತ್ತಿದ್ದಳು ಅತ್ತಿಗೆ. "ಮುಂದನೂ ತಪ್ಪೂದಿಲ್ಲ."

ಸ್ವರಾಜ್ಯ ಬಂದ ಮೇಲಿನ ಮಾತು. ನನ್ನನ್ನು ಕೊಟ್ಟದ್ದು ಅದೇ ಓಣಿಯ ಶಾಲೆ ಮಾಸ್ತರರಿಗೆ. ನಾವಿಬ್ಬರೂ ತವರಿಗೆ ಊಟಕ್ಕೆ ಬಂದಿದ್ದೆವು. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ಮುನ್ಸೂಚನೆ ಏನೂ ಇಲ್ಲ. ಆಕಾಶ ಹರಿದಂತೆ ಒಮ್ಮೆಲೇ ಭೋರೆಂದಿತು. ಪಾತ್ರೆಗಳು ಗಡಗಡ ಎಂದವು. ಅತ್ತಿಗೆ ಎದ್ದು, ಸೀರೆ ಎಳೆದು, ಬಿದ್ದು ಎದ್ದು ಹತ್ತಿದಳು. ಮೇಲೆ ಏನೂ ಇರಲಿಲ್ಲ. ಸದ್ದು ಮಾತ್ರ ಹಂಪಿಯ ಗುಡ್ಡಗಳ ಕಡೆ ಉರುಳುತ್ತಿತ್ತು.

ಇಳಿದು ಬಂದು ಕುಸಿದು ಕೂತಳು. "ಸಂಗವ್ವ, ಬಂದು ಹೋದ್ರಲ್ಲ! ನಾ ತಡಾ ಮಾಡಿದೆ," ಎಂದು ಹಿಟ್ಟಿನ ಕೈಯಲ್ಲೇ ತಲೆ ಹೊಡೆದುಕೊಂಡಳು.

ನಮ್ಮ ಮನೆಯವರು ಪೇಪರ್ ಓದುವವರು. ಸಮಾಧಾನ ಮಾಡೋಣವೆಂದು ಬಾಯಿ ಬಿಟ್ಟರು. "ನಿಮ್ಮ ತಪ್ಪಲ್ಲವ್ವ. ಇದು ಜೆಟ್ ಅಂತ, ಹೊಸಾ ನಮೂನಿ ವಿಮಾನ. ಇದಕ್ಕ ಮುಂದ ತಿರುಗೂ ಪಂಕ ಇಲ್ಲ. ಬಾಯಾಗ ಗಾಳಿ ಜಗ್ಗಿಕೊಂಡು, ಹೊಟ್ಟ್ಯಾಗ ಒತ್ತಿ, ಎಣ್ಣಿ ಹಾಕಿ ಸುಡತೈತಿ. ಆ ಕಾದ ಗಾಳಿ ಹಿಂದಕ್ಕ ಚಿಮ್ಮತೈತಿ, ವಿಮಾನ ಮುಂದಕ್ಕ ನುಗ್ಗತೈತಿ. ಸದ್ದೆಲ್ಲ ಬಾಲದ ಕಡೀಗಿ. ಓಟನೂ ಅಷ್ಟ ಜೋರು. ನಮಗ ಕೇಳೂದರಾಗ ಅದು ದಾಟಿ ಹೋಗಿರ್ತೈತಿ. ಯಾರು ಓಡಿದ್ರೂ ಸಿಗೂದಿಲ್ಲ."

ಅತ್ತಿಗೆ ಅಳು ನಿಲ್ಲಿಸಿ ಕೇಳಿದಳು: "ಅಣ್ಣಾರ, ಇದರ ಎಂಜಿನ್ ಕೆಲಸ ಅವರಿಗೆ ಬರ್ತೈತೇನ್ರಿ?"

"ಎಲ್ಲೀದವ್ವ? ಅವರು ಕಲಿತದ್ದು ಪಂಕದ ಎಂಜಿನ್. ಇದು ಪೂರಾ ಬ್ಯಾರೆ, ಹೊಸದಾಗಿ ಕಲೀಬೇಕು."

"ಮುಂದ ಪಂಕದ್ದು ಬರೂದ ಇಲ್ಲೇನ್ರಿ?"

"ಈಗ ಬರ್ತಾವ. ಬರಬರ್ತಾ ಯುದ್ಧದ ವಿಮಾನೆಲ್ಲ ಹಿಂಗ ಆಗ್ತಾವಂತ."

ನಾನು ಗಂಡನ ಕಡೆ ಕಣ್ಣು ಬಿಟ್ಟೆ, ಅವರಿಗೆ ತಿಳಿಯಲಿಲ್ಲ. ಓದಿದವರಿಗೆ ಎಲ್ಲಿ ನಿಲ್ಲಿಸಬೇಕೆಂಬುದೊಂದು ಗೊತ್ತಿರುವುದಿಲ್ಲ. ಅತ್ತಿಗೆ ಆ ಕೆಂಪು ಸೀರೆಯನ್ನು ಮಡಚಿ, ಮೊದಲ ಸಲ ಗೂಟಕ್ಕೆ ಹಾಕದೆ ಪೆಟ್ಟಿಗೆಯಲ್ಲಿಟ್ಟಳು. ಪಂಕದ ವಿಮಾನವೇ ಇಲ್ಲವಾದರೆ ಅವರು ಯಾತರಲ್ಲಿ ಬಂದಾರು ಎಂದುಕೊಂಡಳೇನೋ. ಕೆಲವು ದಿನಗಳ ಮೇಲೆ ಮುದುಕಪ್ಪನಿಗೆ ಹೇಳಿ ಕಳಿಸಿರೆಂದು ತಾನೇ ಅಪ್ಪನಿಗೆ ಹೇಳಿದಳು.

ಉಡಿಕೆಯ ದಿನ ಸಂಜೆ. ಮೆಟ್ರಿಯಿಂದ ಬಂದವರು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಬಳೆಗಾರ್ತಿ ವಿರುಪಮ್ಮ ಹಸಿರು ಬಳೆ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದಳು. ಅತ್ತಿಗೆಯ ಕೈಯಲ್ಲಿ ಅಣ್ಣ ತೊಡಿಸಿದ ಬಳೆ ಇನ್ನೂ ಇದ್ದವು. ಆ ಮಾತು ಇನ್ನೂ ಬಾಯಿಂದ ಬಂದಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ.

ಆಗ ಬಂತು ಸದ್ದು. ದೂರದಿಂದ, ನಿಧಾನವಾಗಿ, ಗುಂಯ್ ಎನ್ನುವ ಅದೇ ಹಳೆಯ ಸದ್ದು. ಎಲ್ಲರೂ ಅತ್ತಿಗೆಯ ಮುಖ ನೋಡಿದರು. ಕೈ ತೊಳೆದುಕೊಂಡು ಹತ್ತಿದರೂ ವೇಳೆ ಉಳಿಯುತ್ತಿತ್ತು. ಆಕೆ ಏಳಲಿಲ್ಲ. ನೆಲ ನೋಡುತ್ತ ಕೂತಿದ್ದಳು.

ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆ ತೆರೆದು ಆ ಸೀರೆ ಹಿಡಿದು ನಾನೇ ನಿಚ್ಚಣಿಕೆ ಹತ್ತಿದೆ. ವಿಮಾನ ಹೊಳೆಯ ಮೇಲಿಂದ ಬಂತು. ತೋಳು ಸೋಲುವಂತೆ ಬೀಸಿದೆ. "ಅಣ್ಣಾ, ಒಂದ ಸಲ ಬಗ್ಗಸೋ," ಎಂದು ಕೂಗಿದೆ. ಅದು ನೆಟ್ಟಗೆ ಹೋಯಿತು.

ಇಳಿದು ಬಂದೆ. ಅತ್ತಿಗೆ ತಲೆ ಎತ್ತಿದಳು.

"ರೆಕ್ಕಿ ಬಗ್ಗಿಸ್ತೇನ, ಸಂಗವ್ವ?"

ಬಗ್ಗಿಸಿತು ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆಕೆ ಸಾಯುವ ತನಕ ಹತ್ತುತ್ತಲೇ ಇರುತ್ತಿದ್ದಳು.

"ಇಲ್ಲ ಅತ್ತಿಗಿ," ಎಂದೆ.

ಅತ್ತಿಗೆ ವಿರುಪಮ್ಮನ ಕಡೆ ತಿರುಗಿ ಎರಡೂ ಕೈ ಚಾಚಿದಳು.

"ಅವರಿಲ್ಲ," ಎಂದಳು. "ತಗೀರಿ."