ಬೇಡ ಬಿಡಿ ಮೇಸ್ತ್ರಿ ನೋಡಿದ ಬಿಳಿ ಕಾರು

ಹಳೆ ಕಾರು ಕೊಳ್ಳಬೇಕೆಂದವರು ಮೊದಲು ಅವನ ಗ್ಯಾರೇಜಿಗೇ ಬರುತ್ತಿದ್ದರು. ಎದುರಿಗೆ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ಬೇಡ ಬಿಡಿ ಮೇಸ್ತ್ರಿ. ಹತ್ತು ಕಾರು ತೋರಿಸಿದರೆ ಒಂಬತ್ತಕ್ಕೆ ‘ಬೇಡ ಬಿಡಿ’ ಎನ್ನುವ ಮನುಷ್ಯನಿಗೆ ಇನ್ನೇನು ಹೆಸರು ಬಂದೀತು? ಹತ್ತನೆಯದಕ್ಕಾದರೂ ಬಾಯಿ ತುಂಬ ‘ತಗೊಳ್ಳಿ’ ಎಂದನೇ? ಅದೂ ಇಲ್ಲ. ‘ನೋಡಿ, ನಿಮ್ಮಿಷ್ಟ’ ಎಂದು ಕೈ ತೊಳೆದುಕೊಳ್ಳುತ್ತಿದ್ದ.

ಹಾಗಂತ ಕೆಲಸ ಬಾರದವನೇನಲ್ಲ. ಅವನ ಕರಾರು ಒಂದೇ, ತಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಕೂಡದು. ಬಂದವನೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ, ಮಕ್ಕಳ ಜ್ವರ ನೋಡುವ ಹಾಗೆ. ಬಿಸಿ ತಗುಲಿತೋ, ಅಲ್ಲಿಂದಲೇ ವಾಪಸ್ಸು. ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು ಅವನ ಖಚಿತ ನಂಬಿಕೆ. ಆಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸುವುದು. ಕೆನೆಯಂಥದ್ದು ಹತ್ತಿದರೆ ಒಳಗೆಲ್ಲೋ ನೀರು ಸೇರಿದೆ ಎಂದರ್ಥ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗೆ ಎಳೆದಾಡಿದರೆ ಎಲ್ಲಿ ತಗಡಿದೆ, ಎಲ್ಲಿ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂಬುದು ಬಯಲಾಗುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದು, ಮೀಟರು ಮಾತ್ರ ಕಡಿಮೆ ಓಡಿದೆ ಎಂದು ಹೇಳುತ್ತಿದ್ದರೆ, ಮೀಟರು ತಿರುಗಿಸಿದವನ ಮುಖ ನೋಡಿ ಸಣ್ಣಗೆ ನಗುತ್ತಿದ್ದ. ಕೊನೆಗೆ ಗಾಡಿ ಸ್ಟಾರ್ಟ್ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಗ ಯಾರೂ ಉಸಿರೆತ್ತುವಂತಿರಲಿಲ್ಲ.

ಮೀಟರಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಕಂಡರೆ ಜನ ಮೂಗು ಮುರಿಯುತ್ತಾರಲ್ಲ, ಅವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಹೆದ್ದಾರಿಯಲ್ಲಿ ಒಬ್ಬನೇ ಯಜಮಾನನ ಕೈಯಲ್ಲಿ ಓಡಿದ ಕಾರು ಮೂರು ಲಕ್ಷ ದಾಟಿದರೂ ಗಟ್ಟಿಮುಟ್ಟಾಗಿರುತ್ತದೆ, ಷೆಡ್ಡಿನಲ್ಲಿ ಮುಚ್ಚಿಟ್ಟು ವಾರಕ್ಕೊಮ್ಮೆ ಒರೆಸಿದ ಕಾರೇ ಒಳಗೊಳಗೆ ತುಕ್ಕು ಹಿಡಿದಿರುತ್ತದೆ ಎಂದು ಗದರುತ್ತಿದ್ದ. ಈ ಮಾತನ್ನು ಅವನು ಅದೆಷ್ಟು ಜನಕ್ಕೆ ಹೇಳಿದ್ದನೋ. ತನಗೆ ತಾನು ಒಂದು ಸಲವೂ ಹೇಳಿಕೊಳ್ಳಲಿಲ್ಲ, ಅದೇ ಬಂದದ್ದು ಕೇಡು.

ಮಾರುವವನ ಎದುರು ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನೋಡುವುದೆಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ ಬೀದಿಯ ಮೂಲೆಯವರೆಗೆ ನಡೆಯುತ್ತಿದ್ದ. ಕೊಳ್ಳುವವನು ಹಿಂದೆ ಹೋಗಬೇಕು. ಅಲ್ಲಿ ‘ಬೇಡ ಬಿಡಿ’ ಎಂದರೆ ಮುಗಿಯಿತು. ಯಾಕೆ, ಏನು ಎಂದು ಕೇಳಿದರೆ ಉತ್ತರವಿಲ್ಲ. ಕಾರಣ ಹೇಳಿದರೆ ಇವನು ಹೋಗಿ ಅವನಿಗೆ ಹೇಳುತ್ತಾನೆ, ಅವನು ಅದನ್ನು ತೇಪೆ ಹಾಕಿ ಮತ್ತೆ ತೋರಿಸುತ್ತಾನೆ, ಆ ರಗಳೆಯೇ ಬೇಡ ಎಂಬುದು ಅವನ ವಾದ. ನಿಜ ಬೇರೆಯೇ ಇತ್ತು. ಹಿಂದೆ ಯಾವ ಕಾಲದಲ್ಲೋ ‘ತಗೊಳ್ಳಿ’ ಎಂದ ಒಂದು ಕಾರಿನ ಎಂಜಿನ್ ಸೀಜ್ ಆಗಿ ನಿಂತುಹೋಗಿ, ಕೊಂಡವನು ಗ್ಯಾರೇಜಿನ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದು ಹೋಗಿದ್ದ. ಅಂದೇ ಅವನು ಒಂದು ವಿಷಯ ಕಂಡುಕೊಂಡ. ಬೇಡ ಎಂದ ಕಾರು ಯಾವತ್ತೂ ತಿರುಗಿ ಬಂದು ಬಾಗಿಲು ಬಡಿಯುವುದಿಲ್ಲ. ಅದು ಒಳ್ಳೆಯದಾಗಿತ್ತೋ ಕೆಟ್ಟದಾಗಿತ್ತೋ ಯಾರಿಗೆ ಗೊತ್ತು? ಹೇಳಿದವನು ಮಾತ್ರ ಬಚಾವು.

ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಚಿಕ್ಕವಳು. ಗ್ಯಾರೇಜಿನ ಬೆನ್ನಿಗೇ ಮನೆ, ನಡುವೆ ಒಂದು ಬಾಗಿಲು. ಅವಳು ಹಳೆ ಟೈರಿನ ಮೇಲೆ ಕೂತು ಪಾಠ ಓದಿಕೊಂಡೇ ಬೆಳೆದಳು, ಓದುತ್ತಾ ಓದುತ್ತಾ ಕಿವಿಯನ್ನೂ ಬೆಳೆಸಿಕೊಂಡಳು. ಊಟಕ್ಕೆ ಕೂತಾಗ ಬೀದಿಯಲ್ಲಿ ಯಾವುದಾದರೂ ಗಾಡಿ ಹೋದರೆ ‘ಏನದು, ಹೇಳು ನೋಡೋಣ’ ಎನ್ನುತ್ತಿದ್ದ. ಸೈಲೆನ್ಸರ್ ತೂತಾಗಿದೆ, ಬೆಲ್ಟ್ ಸಡಿಲ, ಒಂದು ಪ್ಲಗ್ ಸಾಯ್ತಿದೆ ಎಂದು ಅವಳು ತಟ್ಟೆಯಿಂದ ತಲೆಯೆತ್ತದೆ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದವಳಲ್ಲ. ಆಗ ಅವನ ಎದೆ ಉಬ್ಬುತ್ತಿದ್ದುದನ್ನು ನೋಡಬೇಕಿತ್ತು.

ದೊಡ್ಡವಳಾಗಿ, ಕೈಕಾಲು ಬಿದ್ದುಹೋದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಕಲಿತಳು. ಬೀದಿ ತುದಿಯ ಕ್ಲಿನಿಕ್ಕಿನಲ್ಲಿ, ಎಲ್ಲರ ಮೇಲೂ ಸಿಡುಕುವ ಡಾಕ್ಟರ ಕೈಕೆಳಗೆ ಕೆಲಸ. ಬೆಳಗ್ಗೆ ಅಡುಗೆ ಮಾಡಿಟ್ಟು ಹೋದರೆ ಸಂಜೆ ಬಂದು ಮತ್ತೆ ಅಡುಗೆ. ಅವಳನ್ನು ಮದುವೆಯಾಗುತ್ತೇನೆಂದು ಕೇಳಿಕೊಂಡು ಬಂದವರೂ ಇದ್ದರು. ಒಬ್ಬನ ನಗು ಸರಿಯಿಲ್ಲ, ಇನ್ನೊಬ್ಬ ಮಾತು ಜಾಸ್ತಿ, ಬೇಡ ಬಿಡಿ. ಅವಳೂ ಅವರಿಗಾಗಿ ಹಟ ಹಿಡಿಯಲಿಲ್ಲ, ಅಪ್ಪನ ಕಣ್ಣು ತಪ್ಪುವುದಿಲ್ಲ ಎಂಬ ನಂಬಿಕೆ.

ಹೀಗಿರುವಾಗ ಬೇರೆ ಊರಿನ ಆಸ್ಪತ್ರೆಯೊಂದು ಅವಳನ್ನು ಕರೆಯಿತು. ಸುತ್ತಲ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಚಿಕಿತ್ಸೆ ಕೊಡುವ ಕೆಲಸ. ಅಲ್ಲೇ ಇರಬೇಕು, ಸ್ವಂತ ಕಾರು ಇರಲೇಬೇಕು. ಅವಳು ಅಷ್ಟು ಖುಷಿಯಾಗಿದ್ದನ್ನು ಮೇಸ್ತ್ರಿ ನೋಡಿಯೇ ಇರಲಿಲ್ಲ. ಒಂದು ಕಾರು ನೋಡಿಟ್ಟಿದ್ದೇನೆ, ಬಂದು ನೋಡಿ ಹೇಳಿ ಅಪ್ಪ ಎಂದಳು. ಯಾರಿಗೆ ಎಂದು ಕೇಳಿದ. ನನಗೇ ಎಂದಳು.

ಅದೊಂದು ಬಿಳಿ ಕಾರು. ಔಷಧಿ ಮಾರುತ್ತಾ ಊರೂರು ಸುತ್ತಿ ಈಗ ಕೆಲಸ ಬಿಟ್ಟಿದ್ದ ಒಬ್ಬ ಸೇಲ್ಸ್‌ಮನ್ ಅದರ ಯಜಮಾನ. ಮೀಟರು ಮೂರು ಲಕ್ಷ ದಾಟಿತ್ತು. ಮನುಷ್ಯ ಅದನ್ನು ಮುಚ್ಚಿಡದೆ ತಾನೇ ಮೊದಲು ಹೇಳಿದ. ಮೇಸ್ತ್ರಿ ಬಾನೆಟ್ ಮುಟ್ಟಿದ, ತಣ್ಣಗಿತ್ತು. ಮುಚ್ಚಳ ಬಿಚ್ಚಿದ, ಕೆನೆಯಿಲ್ಲ. ಅಯಸ್ಕಾಂತ ಎಲ್ಲಿಟ್ಟರೂ ಅಂಟಿತು. ನೀರು ನಿಂತ ವಾಸನೆ ಇದೆಯೇ ಎಂದು ಮ್ಯಾಟ್ ಎತ್ತಿ ಮೂಸಿದ, ಕೆಳಗೆ ಮಲಗಿ ನೋಡಿದ. ಅಷ್ಟು ಮನಸ್ಸಿಟ್ಟು ಅವನು ಯಾವ ಕಾರಿನಲ್ಲೂ ತಪ್ಪು ಹುಡುಕಿದ್ದಿಲ್ಲ. ಒಂದೂ ಸಿಗಲಿಲ್ಲ.

ಮಗಳೇ ಓಡಿಸಿದಳು. ಅವನು ಪಕ್ಕದಲ್ಲಿ, ಸೇಲ್ಸ್‌ಮನ್ ಹಿಂದೆ. ನೀರಿನ ಟ್ಯಾಂಕಿನ ಹತ್ತಿರದ ಏರನ್ನು ಕಾರು ಮೂರನೇ ಗೇರಿನಲ್ಲಿ ಸದ್ದಿಲ್ಲದೆ ಹತ್ತಿತು. ಅವನು ಮಗಳ ಕಡೆ ತಿರುಗಿದ. ಅವಳ ಕಣ್ಣು ಏರಿನಾಚೆಗೆ ನೆಟ್ಟಿತ್ತು, ತುಟಿಯಲ್ಲಿ ಸಣ್ಣ ನಗು, ಪಕ್ಕದಲ್ಲಿ ಅಪ್ಪ ಕೂತಿದ್ದಾನೆಂಬ ನೆನಪೇ ಇದ್ದಂತಿರಲಿಲ್ಲ. ಅವಳು ಆಗಲೇ ಹೊರಟುಹೋಗಿದ್ದಳು. ಇನ್ನು ಮೇಲೆ ಸಂಜೆ ಗ್ಯಾರೇಜು ಮುಚ್ಚಿ ನಡುವಿನ ಬಾಗಿಲು ತೆರೆದರೆ ಆಚೆ ಕತ್ತಲು, ದೀಪವನ್ನು ತಾನೇ ಹಾಕಬೇಕು. ಅಷ್ಟೇ ಕಂಡದ್ದು ಅವನಿಗೆ. ಭಯ ಯಾರಿಗಿರುವುದಿಲ್ಲ ಹೇಳಿ? ಭಯವಾಗುತ್ತಿದೆ ಮಗಳೇ ಎಂದು ಅಲ್ಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹೇಳಲಿಲ್ಲ. ಕೈ ಒರೆಸಿಕೊಳ್ಳುತ್ತಾ ಬೀದಿ ಮೂಲೆಗೆ ನಡೆದ. ಅವಳೂ ಎಲ್ಲ ಗಿರಾಕಿಗಳ ಹಾಗೆ ಹಿಂದೆ ಬಂದು ನಿಂತಳು.

“ಬೇಡ ಬಿಡು” ಎಂದ.

ಅವಳು ಏನೂ ಕೇಳಲಿಲ್ಲ. ಅಷ್ಟಕ್ಕೇ ನಿಲ್ಲಿಸಬೇಕಿತ್ತು ಮಹಾರಾಯ. ಜೀವಮಾನವೆಲ್ಲ ಪಾಲಿಸಿಕೊಂಡು ಬಂದ ನಿಯಮ ಆ ಗಳಿಗೆಯಲ್ಲೇ ಕೈಬಿಟ್ಟುಹೋಗಬೇಕೇ? ನಾಲಿಗೆ ತಾನಾಗಿ ಮುಂದುವರಿಯಿತು.

“ಗೇರ್ ಬಾಕ್ಸ್ ಹೋಗ್ತಾ ಇದೆ ಕಣಮ್ಮ. ಮೂರನೇ ಗೇರಲ್ಲಿ ಒಂಥರಾ ಅಳೋ ಸದ್ದು ಬರುತ್ತೆ. ಯಾವುದೋ ಹಳ್ಳಿ ದಾರೀಲಿ ಕೈ ಕೊಟ್ರೆ ಒಬ್ಬಳೇ ಏನ್ ಮಾಡ್ತೀಯ?”

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಬಣ್ಣ ಹೊಡೆದ ಬಾಗಿಲನ್ನು ಅವನು ನೋಡುವುದಿಲ್ಲವೇ, ಹಾಗೆ. ಆಮೇಲೆ ಸರಿ ಅಪ್ಪ ಎಂದಷ್ಟೇ ಹೇಳಿ ಸೇಲ್ಸ್‌ಮನ್ ಹತ್ತಿರ ಹೋದಳು. ಅವನ ಜೊತೆ ಏನೋ ಮೆಲ್ಲಗೆ ಮಾತಾಡಿ ಬಂದಳು.

ಅವಳು ಇನ್ನೊಂದು ಕಾರು ತೋರಿಸುತ್ತಾಳೆ, ಅದಕ್ಕೂ ಒಂದು ‘ಬೇಡ’ ಸಿದ್ಧವಿರಲಿ ಎಂದು ಮೇಸ್ತ್ರಿ ಕಾದ. ಅವಳು ತೋರಿಸಲೇ ಇಲ್ಲ. ಬಿಳಿ ಕಾರೂ ಬಹಳ ದಿನ ಸೇಲ್ಸ್‌ಮನ್ ಮನೆ ಮುಂದೆಯೇ ನಿಂತಿತ್ತು. ಅಂಥ ಕಾರಿಗೆ ಗಿರಾಕಿ ಯಾಕೆ ಸಿಗಲಿಲ್ಲವೋ ಎಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವನಿಗೆ ಆಶ್ಚರ್ಯ. ಆಸ್ಪತ್ರೆಯ ಕೆಲಸ ಬೇರೆ ಯಾರಿಗೋ ಹೋಯಿತು. ಆ ಸುದ್ದಿ ಬಂದ ಸಂಜೆ ಅವನಿಗೆ ಊಟ ರುಚಿಸಿತು. ಮಗಳನ್ನು ದೊಡ್ಡ ಗಂಡಾಂತರದಿಂದ ಪಾರು ಮಾಡಿದವನ ಹಾಗೆ ಎರಡನೇ ಸಲ ಬಡಿಸಿಕೊಂಡು ಉಂಡ. ಏನನ್ನಬೇಕೋ ಇಂಥವನಿಗೆ!

ಕೊನೆಗೆ ಬಿಳಿ ಕಾರನ್ನು ಒಬ್ಬ ಶಾಲೆಯ ಮೇಡಂ ಕೊಂಡುಕೊಂಡರು, ಯಾರನ್ನೂ ಕೇಳದೆ. ಅವರ ಶಾಲೆಗೆ ಹೋಗುವ ದಾರಿ ಮೇಸ್ತ್ರಿಯ ಗ್ಯಾರೇಜಿನ ಮುಂದೆಯೇ. ದಿನಾ ಬೆಳಗ್ಗೆ ಆ ಸದ್ದು, ಮಳೆಯಿರಲಿ ಚಳಿಯಿರಲಿ, ಒಂದು ದಿನವೂ ಕೆಮ್ಮಿದ್ದಿಲ್ಲ. ಅದು ತಿರುವಿನಲ್ಲಿ ಕೇಳಿಸುತ್ತಲೇ ಅವನು ಗಾಳಿ ತುಂಬುವ ಕಂಪ್ರೆಸರ್ ಹಾಕಿಬಿಡುತ್ತಿದ್ದ, ಮನೆಯೊಳಕ್ಕೆ ಕೇಳದಿರಲಿ ಎಂದು. ಬೇಡ ಎಂದ ಕಾರು ತಿರುಗಿ ಬರುವುದಿಲ್ಲ ಎಂದುಕೊಂಡಿದ್ದನಲ್ಲ, ಇದು ವರ್ಷಗಟ್ಟಲೆ ದಿನವೂ ಬಂತು.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅವಳು ಎಂದಿನಂತೆ ಅಡುಗೆ ಮಾಡಿದಳು, ಅವನ ಬಟ್ಟೆಯ ಗ್ರೀಸ್ ಉಜ್ಜಿ ತೆಗೆದಳು, ಡಾಕ್ಟರ ಸಿಡುಕು ಕೇಳಿಸಿಕೊಂಡು ಬಂದಳು. ಮಾತು ಮಾತ್ರ ದಿನದಿಂದ ದಿನಕ್ಕೆ ಸೊರಗಿತು. ಊಟದ ಹೊತ್ತಿನಲ್ಲಿ ಗಾಡಿ ಹೋದಾಗ, ಏನದು ಹೇಳು ನೋಡೋಣ ಎಂದು ಅವನು ಹಳೆಯ ಆಟ ಆಡಲು ನೋಡುತ್ತಿದ್ದ. ಗೊತ್ತಾಗಲಿಲ್ಲ ಎನ್ನುತ್ತಿದ್ದಳು. ಗೊತ್ತಾಗದೆ ಏನು, ಬೇಕಿರಲಿಲ್ಲ. ಅವಳ ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡವು. ಮದುವೆಯ ಮಾತು ಕೇಳಿಕೊಂಡು ಬರುವವರು ನಿಂತೇಹೋದರು.

ಮೇಡಂ ವರ್ಗವಾಗಿ ಹೊರಟಾಗ ಕಾರು ಮತ್ತೆ ಮಾರಾಟಕ್ಕೆ ಬಂತು. ಏಣಿ, ಡಬ್ಬ ಸಾಗಿಸಲು ಗಾಡಿ ಹುಡುಕುತ್ತಿದ್ದ ಒಬ್ಬ ಪೇಂಟರ್, ಹಿಂದಿನದೇನೂ ಗೊತ್ತಿಲ್ಲದೆ, ಮೇಡಂ ಒಪ್ಪಿಗೆ ಪಡೆದು ಕಾರನ್ನು ತಂದು ಮೇಸ್ತ್ರಿಯ ಅಂಗಳದಲ್ಲೇ ನಿಲ್ಲಿಸಿದ. ರಾತ್ರಿಯೆಲ್ಲ ತಣ್ಣಗಾಗಲಿ, ರಜಾದಿನ ಬೆಳಗ್ಗೆ ನಿಧಾನಕ್ಕೆ ನೋಡಿ ಎಂದ. ಮೇಸ್ತ್ರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಕಾದಾಗ ಬಾರದ ಬಾಯಿ ಅದು.

ಬೆಳಗ್ಗೆ ಪೇಂಟರ್ ಸ್ಟಾರ್ಟ್ ಮಾಡಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಡುವಿನ ಬಾಗಿಲಿಗೆ ಮಗಳು ಬಂದು ನಿಂತಳು, ಕೈ ಇನ್ನೂ ಒದ್ದೆ. ಅವಳ ಕಡೆ ನೋಡಲಾರದೆ ಮೇಸ್ತ್ರಿ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದ. ಆಮೇಲೆ ಟ್ಯಾಂಕಿನ ಏರಿಗೂ ಹೋಗಿ ಬಂದರು. ಮೂರನೇ ಗೇರು ಅಳಲಿಲ್ಲ. ಮೀಟರು ಅಷ್ಟು ಮುಂದೆ ಹೋಗಿದ್ದರೂ ಅಳಲಿಲ್ಲ.

ವಾಪಸ್ಸು ಬಂದಾಗ ಮಗಳು ಅಲ್ಲೇ ನಿಂತಿದ್ದಳು. ಅಭ್ಯಾಸಬಲ, ಮೇಸ್ತ್ರಿಯ ಕಾಲುಗಳು ಅಂಗಳದ ಮೂಲೆಗೆ ನಡೆದವು. ಪೇಂಟರ್ ಹಿಂದೆ ಬಂದ. ತಗೊಳ್ಳಿ ಎಂದರೆ ಅವಳಿಗೆ ಕೇಳುತ್ತದೆ, ಬೇಡ ಎಂದರೂ ಕೇಳುತ್ತದೆ. ಮೇಸ್ತ್ರಿ ಕೈ ಒರೆಸಿದ್ದೇ ಒರೆಸಿದ್ದು.

“ತಗೊಳ್ಳಿ” ಎಂದಳು ಬಾಗಿಲಿನಿಂದ ಮಗಳು. “ಗೇರ್ ಬಾಕ್ಸ್ ಗಟ್ಟಿಯಾಗಿದೆ. ಮೊದಲಿಂದಾನೂ ಗಟ್ಟಿಯಾಗೇ ಇತ್ತು.”

ಪೇಂಟರ್ ಇಬ್ಬರ ಮುಖವನ್ನೂ ನೋಡಿದ. ಮೇಸ್ತ್ರಿ ಹೌದೆಂದು ತಲೆಯಾಡಿಸಿದ. ಬೇಡ ಬಿಡಿ ಮೇಸ್ತ್ರಿ ಒಪ್ಪಿದ ಕಾರು ಎಂದು ಹಿರಿಹಿರಿ ಹಿಗ್ಗುತ್ತಾ ಪೇಂಟರ್ ಅದನ್ನು ಹೊಡೆದುಕೊಂಡು ಹೋದ. ಸದ್ದು ತಿರುವಿನಾಚೆ ಕರಗುವವರೆಗೆ ತಂದೆ ಮಗಳು ನಿಂತಲ್ಲೇ ನಿಂತಿದ್ದರು. ಆವತ್ತೇ ಗೊತ್ತಿತ್ತಾ ಎಂದು ಅವನು ಕೇಳಿದ, ಕಾಲಿನ ಕಡೆ ನೋಡಿಕೊಂಡು.

“ಬೇಡ ಅಂದ್ಮೇಲೆ ನೀವು ಯಾರಿಗೂ ಕಾರಣ ಹೇಳಿದೋರಲ್ಲ ಅಪ್ಪ. ನನಗೊಬ್ಬಳಿಗೆ ಹೇಳಿದ್ರಿ.”

“ಗೊತ್ತಿದ್ದೂ ಯಾಕೆ ಬಿಟ್ಟೆ? ತಗೋಬಹುದಿತ್ತಲ್ಲ.”

“ನಾನೆಲ್ಲಿ ಬಿಟ್ಟೆ? ಯಾರಿಗೂ ಕೊಡಬೇಡಿ, ಸ್ವಲ್ಪ ದಿನ ಇಟ್ಟಿರಿ ಅಂತ ಆವತ್ತೇ ಕಾರಿನವರಿಗೆ ಹೇಳಿ ಬಂದೆ. ಅಪ್ಪ ಹೆದರಿಕೊಂಡು ಅಂದುಬಿಟ್ಟಿದ್ದಾರೆ, ನಾಳೆ ನಿಜ ಹೇಳ್ತಾರೆ ಅಂದ್ಕೊಂಡೆ.” ಅವಳು ಒಣಗಿದ ಕೈಯನ್ನೇ ಸೆರಗಿಗೆ ಒರೆಸಿಕೊಂಡಳು. “ನೀವು ಹೇಳಿದ್ರೆ ನಿಮ್ಮನ್ನೂ ಕರ್ಕೊಂಡೇ ಹೋಗ್ತಿದ್ದೆ. ಅಲ್ಲಿ ಎರಡು ಕೋಣೆ ಮನೆ ಕೊಡ್ತಿದ್ರು.”

ಮೇಸ್ತ್ರಿ ಸ್ಕ್ರೂಡ್ರೈವರನ್ನು ಒರೆಸತೊಡಗಿದ.

ಅವಳು ಅವನಿಗಾಗಿ ಕಾಯಲಿಲ್ಲ. ಊಟ ಈಗ ಬಡಿಸಲೋ ಆಮೇಲೋ ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಒಳಗೆ ಹೋದಳು.