ಒಂಬತ್ತು ಡ್ರಮ್ ನೀರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ಹೆಬ್ಬಗೋಡಿಯ ಒಂದು ವಠಾರದಲ್ಲಿ ಒಂಬತ್ತು ಮನೆಗಳ ನೀರನ್ನು ನಾನು ಚರಂಡಿಗೆ ಚೆಲ್ಲಿದೆ. ಹಗಲು ಹನ್ನೊಂದು ಗಂಟೆ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಕೋಟು. ಚೆಲ್ಲು ಎಂದು ಯಾರೂ ಹೇಳಿರಲಿಲ್ಲ. ತಡೆಯಲು ಯಾರೂ ಇರಲೂ ಇಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಚೆಲ್ಲುವಾಗ ಶಿಳ್ಳೆ ಬೇರೆ ಹಾಕುತ್ತಿದ್ದೆ.

ನಾನು ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿ. ಈಗಿನ ನಿಯಮದ ಪ್ರಕಾರ ನಮ್ಮಲ್ಲಿ ಪ್ರತಿಯೊಬ್ಬರೂ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಂಡು, ಆಗಾಗ ಹೋಗಿ ಅವರ ಆರೋಗ್ಯ ವಿಚಾರಿಸಬೇಕು. ನೆಟ್ಟಗೆ ಗಂಜಿ ಬೇಯಿಸಲು ಬಾರದ ನನಗೆ ಐದು ಸಂಸಾರ ಒಪ್ಪಿಸಿದರು. ನನ್ನ ರೂಮ್‌ಮೇಟ್ ಪ್ರಜ್ವಲ್ ಮೊದಲ ದಿನವೇ ಉಪದೇಶ ಮಾಡಿದ್ದ: “ಗುರು, ಹೋಗೋದು, ಫಾರ್ಮ್ ತುಂಬ್ಸೋದು, ಒಂದು ಫೋಟೋ ತೆಗೆಸ್ಕೊಳ್ಳೋದು, ವಾಪಸ್ ಬಂದು ಅನಾಟಮಿ ಓದೋದು. ಸಮಾಜಸೇವೆ ಎಲ್ಲಾ ತಲೇಗ್ ಹಚ್ಕೋಬೇಡ.” ಅವನ ಮಾತು ಕೇಳಿದ್ದರೆ ಒಂಬತ್ತು ಡ್ರಮ್ ನೀರಾದರೂ ಉಳಿಯುತ್ತಿತ್ತು.

ನನ್ನೂರಾದ ಕುಂದಾಪುರದ ಕಡೆಯ ಓದುಗರಿಗೆ ವಠಾರ ಎಂದರೆ ಏನೆಂದು ಹೇಳಬೇಕು. ರೈಲಿನ ಡಬ್ಬಿಗಳಂತೆ ಸಾಲಾಗಿ ಒಂದೊಂದೇ ಕೋಣೆ, ಮೇಲೆ ಶೀಟು, ಎದುರಿಗೆ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಇನ್ನೊಂದು ಗೋಡೆ. ಪ್ರತಿ ಬಾಗಿಲ ಪಕ್ಕ ಒಂದೊಂದು ನೀಲಿ ಡ್ರಮ್. ನಮ್ಮ ಕಡೆ ಅಂಗಳದಲ್ಲಿ ಬಾವಿ ಇರುವ ಹಾಗೆ ಇಲ್ಲಿ ಡ್ರಮ್ ಇರುತ್ತದೆ ಎಂದುಕೊಂಡಿದ್ದೆ. ಬಾವಿಗೂ ಡ್ರಮ್ಮಿಗೂ ಇರುವ ವ್ಯತ್ಯಾಸ ಹೊಳೆಯಲು ನನಗೆ ಒಂಬತ್ತು ಡ್ರಮ್ ಬೇಕಾಯಿತು.

ಅಂದು ನನ್ನ ಜೊತೆಗಿದ್ದವರು ಆಶಾ ಕಾರ್ಯಕರ್ತೆ ರತ್ನಕ್ಕ. ಮನೆಮನೆಗೆ ಹೋಗಿ ಬಸುರಿ, ಬಾಣಂತಿ, ಜ್ವರ, ಲಸಿಕೆ ಎಲ್ಲವನ್ನೂ ನೋಡಿಕೊಳ್ಳುವವರು. ಪಕ್ಕದ ಗಲ್ಲಿಯಲ್ಲಿ ಒಂದು ಕೂಸಿನ ಲಸಿಕೆ ಕಾರ್ಡ್ ನೋಡಿ ಬರುತ್ತೇನೆಂದು ಅವರು ಆಚೆ ಹೋದರು. ನಾನು ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟೆ. ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ‘ನೀರಿನ ಪಾತ್ರೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ’ ಎಂದು ಬರೆದದ್ದು ನೆನಪಿತ್ತು. ನನ್ನ ಐದು ಮನೆಗಳ ಡ್ರಮ್ ಉರುಳಿಸಿದೆ. ಉತ್ಸಾಹ ಉಳಿದಿತ್ತು, ಅಕ್ಕಪಕ್ಕದ ನಾಲ್ಕನ್ನೂ ಉರುಳಿಸಿದೆ.

ರತ್ನಕ್ಕ ವಾಪಸ್ ಬಂದಾಗ ಗಲ್ಲಿಯಲ್ಲಿ ಹೊಳೆ ಹರಿಯುತ್ತಿತ್ತು.

“ಅಯ್ಯಯ್ಯೋ! ಏನ್ ಮಾಡ್ಬಿಟ್ರಿ ಸಾರ್?”

“ಸೊಳ್ಳೆ ಮರಿ ಅಕ್ಕ. ಒಂದೂ ಬಿಟ್ಟಿಲ್ಲ.”

“ನೀರು ಬಂದಿದ್ದು ನಿನ್ನೆ. ಇನ್ನು ಬರೋದು ಐದು ದಿನಕ್ಕೆ. ಇವ್ರೇನ್ ಮಾಡ್ಬೇಕು?”

ನಮ್ಮೂರಲ್ಲಿ ನೀರು ‘ಬರುವುದಿಲ್ಲ’. ಅದು ಇರುತ್ತದೆ, ಅಷ್ಟೇ.

ಸಂಜೆ ಆರಕ್ಕೆ ಗಾರ್ಮೆಂಟ್ಸ್‌ನಿಂದ ಹೆಂಗಸರು ಮರಳುವವರೆಗೆ ರತ್ನಕ್ಕ ನನ್ನನ್ನು ಅಲ್ಲೇ ನಿಲ್ಲಿಸಿದರು. ಓಡಿಹೋದರೆ ಇನ್ನೂ ಕೆಟ್ಟದು ಎಂದರು. ಮೊದಲು ಬಂದವರು ಯಾದಗಿರಿ ಕಡೆಯ ಬಸಮ್ಮ, ನನ್ನ ದತ್ತು ಪಟ್ಟಿಯ ಒಂದನೇ ನಂಬರ್.

“ಯಾರು ನೀರು ಚೆಲ್ಲಿದಾವ?”

ನಾನು ತರಗತಿಯಲ್ಲಿ ಎತ್ತುವಂತೆ ಕೈ ಎತ್ತಿದೆ.

“ಅದ್ರಲ್ಲಿ ಹುಳ ಇದ್ವು ಅಮ್ಮ…”

“ಹುಳ ಅದಾವಂತ ನಮಗ ಗೊತ್ತಿಲ್ಲೇನು? ಬಟ್ಟಿ ಹಾಕಿ ಸೋಸಿ ಕುಡೀತೀವಿ. ಈಗೇನು ಸೋಸೂಣು? ನಿನ್ನ ಬಿಳಿ ಅಂಗಿ ಹಿಂಡಿ ಕುಡಿಯೂಣೇನು?” ಎಂದವರು ರತ್ನಕ್ಕನ ಕಡೆ ತಿರುಗಿದರು. “ದತ್ತು ತಗೋತಾನ ಅಂದಿ. ದತ್ತು ತಗೊಂಡಾವ ಬಾಯಿಗೆ ನೀರು ಹಾಕ್ತಾನೋ, ಬಾಯಾಗಿನ ನೀರು ಕಸೀತಾನೋ?”

ಬಾಗಿಲು ಹಾಕಿಕೊಂಡರು. ಒಂಬತ್ತು ಬಾಗಿಲೂ ಒಂದಾದ ಮೇಲೊಂದು ಮುಚ್ಚಿದವು.

ಮರುದಿನ ರತ್ನಕ್ಕ ಬೆಳಗ್ಗೆ ಏಳಕ್ಕೇ ಹೋಗಿ ತಟ್ಟಿದರೂ ತೆಗೆಯಲಿಲ್ಲ. ಆರು ವರ್ಷದಿಂದ ಆ ಗಲ್ಲಿಯ ಪ್ರತಿ ಮಗುವಿನ ಹೆಸರು ಗೊತ್ತಿದ್ದವರು ಅವರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತು ಡಬ್ಬಿಯ ಚಿತ್ರಾನ್ನವನ್ನು ತಿಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೈದವರು ಕೇಂದ್ರದ ಡಾಕ್ಟರ್ ಮೇಡಂ. “ಪಕ್ಕದ ಗಲ್ಲೀಲಿ ಡೆಂಗೆ ಶುರುವಾಗಿದೆ. ಆ ಒಂಬತ್ತು ಮನೇಲಿ ಯಾರಿಗೆ ಜ್ವರ ಇದೆ ಅಂತ ಈಗ ನಮಗೆ ಗೊತ್ತಾಗೋದು ಹೇಗೆ? ನೀನು ಚೆಲ್ಲಿದ್ದು ನೀರಷ್ಟೇ ಅಲ್ಲ ಕಣೋ. ಹೋಗು, ಬಾಗಿಲು ತೆಗೆಸು.” ಹಾಗೆನ್ನುತ್ತಲೇ ನಗರಸಭೆಗೆ ಫೋನ್ ಮಾಡಿ ಒಂದು ಟ್ಯಾಂಕರ್ ಕೇಳಿದರು.

ಟ್ಯಾಂಕರ್ ಮಧ್ಯಾಹ್ನ ಬಂತು, ಆದರೆ ಆ ಗಲ್ಲಿಗೆ ನುಗ್ಗಲಿಲ್ಲ. ಅಂದು ಗಾರ್ಮೆಂಟ್ಸ್‌ಗೆ ವಾರದ ರಜೆ, ಹೆಂಗಸರೆಲ್ಲ ಮನೆಯಲ್ಲಿದ್ದರು. ಯಾರೂ ಹೊರಗೆ ಬರದಿದ್ದಾಗ ನಾನೇ ಕೊಡ ಎತ್ತಿದೆ. ನಮ್ಮನೆಯಲ್ಲಿ ಅಮ್ಮ ಸೊಂಟದ ಮೇಲೊಂದು, ಕೈಯಲ್ಲೊಂದು ಕೊಡಪಾನ ಹಿಡಿದು ಮಾತಾಡುತ್ತ ನಡೆಯುತ್ತಾರೆ. ನಾನು ಒಂದೇ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಪೆಂಗ್ವಿನ್ನಿನಂತೆ ಹೊರಟೆ. ಅರ್ಧ ಡ್ರಮ್ಮಿಗೆ, ಅರ್ಧ ನನ್ನ ಪ್ಯಾಂಟಿಗೆ.

ಟ್ಯಾಂಕರ್ ಜೊತೆ ಬಂದಿದ್ದ ಮುನಿರಾಜಣ್ಣ ನನ್ನನ್ನು ನೋಡಿ ನಗುತ್ತಿದ್ದರು. ಅವರು ವಾಲ್ವ್‌ಮ್ಯಾನ್. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬೀದಿಬೀದಿಗೆ ನೀರು ಬಿಡುವವರು.

“ಡ್ರಮ್ ಉಜ್ಜಬೇಕು ಅಂದ್ರೆ ನನ್ನ ಒಂದ್ ಮಾತ್ ಕೇಳ್ಬಾರ್ದಾ? ನೀರು ಬಿಡೋ ದಿನ ಬೆಳಗ್ಗೆ ಎಲ್ಲಾ ಡ್ರಮ್ಮೂ ತಳ ಕಾಣ್ತಿರ್ತವೆ. ಆವಾಗ ಉಜ್ಕೊಳ್ಲಿ. ಮಧ್ಯಾಹ್ನಕ್ಕೆ ಹೊಸ ನೀರು ಬತ್ತದೆ.”

“ಆಸ್ಪತ್ರೆಯವರು ನಿಮ್ಮನ್ನ ಕೇಳಿಲ್ವಾ ಅಣ್ಣ?”

“ಹತ್ತು ವರ್ಷದಿಂದ ವಾಲ್ವ್ ತಿರುಗಿಸ್ತಾ ಇವ್ನಿ. ನಂಗೂ ಸೊಳ್ಳೆಗೂ ಏನ್ ಸಂಬಂಧ ಅಂತ ಯಾರೂ ಕೇಳಿಲ್ಲ.”

ಗೋಡೆ ಬರಹ ಒಂದು ಕಚೇರಿಯದು, ಕೀಲಿ ಇನ್ನೊಂದು ಕಚೇರಿಯದು, ಡ್ರಮ್ಮು ಬಸಮ್ಮನದು. ಮೂರನ್ನೂ ಒಂದೇ ಕಡೆ ಸೇರಿಸಲು ಒಬ್ಬ ದಡ್ಡ ಬೇಕಾಗಿತ್ತು, ನಾನು ಸಿಕ್ಕಿದ್ದೆ. ಮುನಿರಾಜಣ್ಣ ಮತ್ತು ರತ್ನಕ್ಕ ಅಲ್ಲೇ ಫೋನ್ ನಂಬರ್ ಕೊಟ್ಟು ತೆಗೆದುಕೊಂಡರು.

ಹನ್ನೊಂದನೆಯ ಕೊಡ ಎತ್ತಿಕೊಂಡು ಬಸಮ್ಮನ ಬಾಗಿಲ ಹತ್ತಿರ ಬರುವಾಗ ಕಾಲು ಜಾರಿತು. ಕೊಡ ಒಂದು ಕಡೆ, ನಾನೊಂದು ಕಡೆ. ಒಳಗಿನಿಂದ ಕಿಸಕ್ಕನೆ ನಗು. ಬಾಗಿಲು ಒಂದು ಗೇಣು ತೆರೆಯಿತು.

“ಏಳಪ್ಪಾ, ಏಳು. ಚೆಲ್ಲೂದೊಂದು ಛಲೋ ಕಲ್ತೀ ನೀನು.” ಆಮೇಲೆ ದನಿ ಸಣ್ಣದಾಯಿತು. “ರತ್ನಕ್ಕನ್ನ ಕರಿ. ಇವರಿಗೆ ಜ್ವರ ಬಂದು ಮೂರು ದಿನಾತು.”

ಒಳಗೆ ಅವರ ಗಂಡ ಶರಣಪ್ಪ, ಗಾರೆ ಕೆಲಸದವರು, ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು. ಅಂಗಡಿಯ ಮಾತ್ರೆ ನುಂಗಿಕೊಂಡು ಹಿಂದಿನ ದಿನದವರೆಗೂ ಕೆಲಸಕ್ಕೆ ಹೋಗಿದ್ದರಂತೆ. ಸಿಟ್ಟಿನಲ್ಲಿ ಬಸಮ್ಮ ನಮಗೆ ಹೇಳಿರಲಿಲ್ಲ. ರತ್ನಕ್ಕ ಕಣ್ಣಲ್ಲೇ ನನಗೆ ಆಟೋ ತರಲು ಹೇಳಿದರು. ರಕ್ತ ಪರೀಕ್ಷೆಯಲ್ಲಿ ಡೆಂಗೆ ಎಂದು ಬಂತು. ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಶರಣಪ್ಪ ತಮ್ಮ ಕಾಲಮೇಲೆ ನಡೆದುಕೊಂಡು ಮನೆಗೆ ಬಂದರು. ಆ ನಾಲ್ಕು ದಿನ ನನಗೆ ಪ್ಲೇಟ್‌ಲೆಟ್ ಸಂಖ್ಯೆ ಬಿಟ್ಟು ಬೇರೆ ಯಾವ ಅನಾಟಮಿಯೂ ತಲೆಗೆ ಹತ್ತಲಿಲ್ಲ.

ಮುಂದಿನ ನೀರಿನ ದಿನ ಬೆಳಗ್ಗೆ ಒಂಬತ್ತು ಡ್ರಮ್ಮೂ ಬೋರಲಾಗಿದ್ದವು. ಉಜ್ಜಿ, ನೀರು ತುಂಬಿದ ಮೇಲೆ ಹಳೆ ಸೀರೆಯ ಬಟ್ಟೆ ಬಿಗಿದು ಕಟ್ಟಿದೆವು. ಫೋಟೋ ತೆಗೆಯಲೆಂದು ಬಂದಿದ್ದ ಪ್ರಜ್ವಲ್‌ನ ಕೈಗೂ ಬಸಮ್ಮ ಬ್ರಶ್ ಕೊಟ್ಟರು. “ಸಕ್ಕತ್ತಾಗಿದೆ ಮಗಾ” ಎಂದು ಬೈಯುವ ದನಿಯಲ್ಲಿ ಹೇಳಿದ. ಅಲ್ಲಿಂದ ಅವನು ಒಂದು ವಾರವೂ ತಪ್ಪಿಸಿಲ್ಲ. ಬಸಮ್ಮ ಕೊಡುವ ಜೋಳದ ರೊಟ್ಟಿಯ ಆಸೆಯೂ ಇರಬಹುದು. ಕುಚ್ಚಲಕ್ಕಿ ಗಂಜಿ ಇಲ್ಲದೆ ಸೊರಗಿದ್ದ ನಾನೂ ಈಗ ಅದಕ್ಕೇ ಕಾಯುತ್ತೇನೆ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಅಮ್ಮ ಬಾವಿಯಿಂದ ಕೊಡಪಾನ ಎಳೆದು ನನ್ನ ಕಾಲಿಗೆ ಧಾರಾಳವಾಗಿ ಸುರಿದರು. “ಅಮ್ಮ, ಸಾಕ್, ಸಾಕ್!” ಎಂದು ನಾನು ಎಗರಿದೆ. “ಎಂತಾ ಮರಾಯಾ, ಬಾಮಿ ತುಂಬ ನೀರ್ ಇತ್ತಲ್ದಾ!” ಎಂದು ಅವರು ನಕ್ಕರು. ನಾನು ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿದ್ದನ್ನು ನೋಡಿ, ಮಗನಿಗೆ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿದರು. ರಾತ್ರಿ ಬಸ್ಸಿನಲ್ಲಿ ಮರಳುವಾಗ, ಬಾವಿ ಬಿಟ್ಟು ಬಂದ ಬೇಸರದ ಜೊತೆಗೇ, ವಠಾರದಲ್ಲಿ ನೀರು ಬಂತೋ ಇಲ್ಲವೋ ಎಂಬ ಚಿಂತೆಯೂ ಇತ್ತು.

ಬಂದವನೇ ಬಸಮ್ಮನಿಗೆ ನಮ್ಮ ಬಾವಿಯ ಕಥೆ ಹೇಳಿದೆ. ಅವರು ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಕೇಳಿದರು:

“ಅಷ್ಟು ನೀರು ಬಿಟ್ಟು ಇಲ್ಲಿಗ್ಯಾಕ ಬಂದೀಪಾ?”

ಉತ್ತರಕ್ಕೆ ಕಾಯದೆ ಅವರು ಮತ್ತೆ ರೊಟ್ಟಿ ತಟ್ಟತೊಡಗಿದರು.

“ಇರಲಿ, ಬಂದಿದ್ದು ಛಲೋ ಆತು. ನಾಳಿ ನೀರಿನ ದಿನ, ಲಗೂನ ಬಾ. ಆ ಬಿಳಿ ಅಂಗಿ ಮಾತ್ರ ಹಾಕ್ಕೊಂಡು ಬರಬ್ಯಾಡ. ಸುಮ್ಮನ ತೊಯ್ತೈತಿ.”